ದೊಡ್ಡಕ್ಕ ನಾಲ್ಕು ಗಂಟೆಯೊಳಗೆ ಹೆಣ್ಣಾದದ್ದು

ನೋಟಿಸ್ ಬೋರ್ಡಿನ ಮೇಲೆ ಒಂದು ಹಾಳೆ ಅಂಟಿಸಿದ್ದರು. ಅದರಲ್ಲಿ ಒಂದೇ ಹೆಸರಿದ್ದಿದ್ದರೆ ಆ ದಿನ ಯಾರಿಗೂ ಏನೂ ಆಗುತ್ತಿರಲಿಲ್ಲ. ಎರಡು ಹೆಸರಿದ್ದವು.

'ವರ್ಷದ ಅತ್ಯುತ್ತಮ ಮಹಿಳಾ ಉದ್ಯೋಗಿ' ಎಂಬ ತಲೆಬರಹ. ಕೆಳಗೆ ದೊಡ್ಡಕ್ಕನ ಹೆಸರು. ಅದಕ್ಕೆ ಆನಿಕೊಂಡಂತೆ ಸಣ್ಣಕ್ಕನ ಹೆಸರು. ಆಯ್ಕೆ ಇವತ್ತೇ, ಸಮಾರಂಭ ಸಂಜೆ ಐದಕ್ಕೆ.

ದೊಡ್ಡಕ್ಕ ಹಾಳೆಯನ್ನು ಮೂರು ಸಲ ಓದಿದಳು. ಮೂರು ಸಲವೂ ಎರಡನೆಯ ಹೆಸರು ಅಲ್ಲೇ ಇತ್ತು.

ಅದು ನಲ್ಲಿ ತಯಾರಿಸುವ ಕಾರ್ಖಾನೆ. ಅದರ ಪರೀಕ್ಷಾ ವಿಭಾಗದಲ್ಲಿ ದೊಡ್ಡಕ್ಕ ಇಪ್ಪತ್ತೆರಡು ವರ್ಷದಿಂದ ನಲ್ಲಿಗಳಿಗೆ ನೀರು ಬಿಟ್ಟು ಸೋರುತ್ತದೋ ಇಲ್ಲವೋ ನೋಡುತ್ತಿದ್ದಳು. ನೋಡುವುದೇನು, ಕೇಳುತ್ತಿದ್ದಳು. ಹನಿ ಬೀಳುವ ಮೊದಲೇ ವಾಷರಿನೊಳಗಿನ 'ಸ್' ಸದ್ದು ಅವಳ ಕಿವಿಗೆ ಬೀಳುತ್ತಿತ್ತು. ಮನೆಯಲ್ಲಿ ಗಂಡ ಮನಸ್ಸಿನಲ್ಲಿ ಬೈದುಕೊಂಡರೂ ಅವಳಿಗೆ ಕೇಳಿಸುತ್ತದೆ ಅಂತ ಪ್ರತೀತಿ. ಇಂಥ ಕಿವಿಗೆ ಇಪ್ಪತ್ತೆರಡು ವರ್ಷದಲ್ಲಿ ಒಂದು ಚಪ್ಪಾಳೆಯೂ ಕೇಳಿಸಿರಲಿಲ್ಲ.

ಪಕ್ಕದ ಬೆಂಚು ಸಣ್ಣಕ್ಕನದು. ಮೂರು ವರ್ಷದ ಹಿಂದಿನವರೆಗೆ ಅವಳನ್ನು ಎಲ್ಲರೂ ಗಂಡಸು ಎಂದೇ ತಿಳಿದಿದ್ದರು. ಒಂದು ಸೋಮವಾರ ಬಂದು, "ನಾನು ಹೆಣ್ಣು. ಮೊದಲಿಂದಲೂ ಹಾಗೇ. ಇನ್ನು ಮೇಲೆ ಹಾಗೇ ಕರೀರಿ" ಎಂದಳು. ಕಾರ್ಖಾನೆ ಒಂದು ತಿಂಗಳು ಗುಸುಗುಸು ಎಂದಿತು. ಆಮೇಲೆ ಬಿಸಿನೀರು ತಣ್ಣೀರು ಬೆರೆಸುವ ಹೊಸ ನಲ್ಲಿ ಬಂತು; ಅದು ಎಲ್ಲೆಂದರಲ್ಲಿ ಸೋರತೊಡಗಿ ಜನಕ್ಕೆ ಬೇರೆ ಯೋಚನೆಗೆ ಪುರುಸೊತ್ತು ಸಿಗಲಿಲ್ಲ. ದೊಡ್ಡಕ್ಕನ ಪಕ್ಕ ಕೂರುವವಳು ಅಂತ ಯಾರೋ 'ಸಣ್ಣಕ್ಕ' ಎಂದರು, ಅದೇ ನಿಂತುಬಿಟ್ಟಿತು. ಬಟ್ಟೆ ಬದಲಿಸುವ ಕೋಣೆಯ ಒಂದೇ ಕನ್ನಡಿಯಲ್ಲಿ ಇಬ್ಬರೂ ತಲೆ ಬಾಚಿಕೊಂಡರು. ಪಿನ್ನು ಸಾಲದಿದ್ದಾಗ ದೊಡ್ಡಕ್ಕನೇ ಕೊಟ್ಟಳು. ಮೂರು ವರ್ಷ ಅವಳಿಗೆ ಯಾವ ಪ್ರಶ್ನೆಯೂ ಎದ್ದಿರಲಿಲ್ಲ.

ಇವತ್ತು ಎದ್ದಿತು.

ನಿಜ ಹೇಳಬೇಕೆಂದರೆ ದೊಡ್ಡಕ್ಕನ ಹೊಟ್ಟೆಕಿಚ್ಚಿಗೆ ಆಗಲೇ ಆರು ತಿಂಗಳಾಗಿತ್ತು. ಸಣ್ಣಕ್ಕ ಒಂದೇ ಸಲಕ್ಕೆ ಎಂಟು ನಲ್ಲಿ ಪರೀಕ್ಷಿಸುವ ಒಂದು ಸ್ಟ್ಯಾಂಡನ್ನು ಹಳೇ ಪೈಪುಗಳಿಂದ ತಾನೇ ಕೂಡಿಸಿದ್ದಳು. ಮ್ಯಾನೇಜರು ಬಂದವರಿಗೆಲ್ಲ ಅದನ್ನು ಮಗಳ ಮದುವೆಯ ಫೋಟೋ ತೋರಿಸುವಂತೆ ತೋರಿಸುತ್ತಿದ್ದರು. ಕಿವಿಯನ್ನು ಯಾರು ತೋರಿಸುತ್ತಾರೆ?

ಟೀ ವೇಳೆಯಲ್ಲಿ ದೊಡ್ಡಕ್ಕ ಕ್ಯಾಂಟೀನಿನಲ್ಲಿ ಬಾಯಿ ಬಿಟ್ಟಳು. "ನನಗೇನೂ ಇಲ್ಲಪ್ಪ. ಸುಮ್ಮನೆ ಕೇಳ್ತೀನಿ. ಮಹಿಳಾ ಉದ್ಯೋಗಿ ಅಂತ ಬರೆದ ಮೇಲೆ, ಯಾರು ಮಹಿಳೆ ಅನ್ನೋದಕ್ಕೆ ಒಂದು ಲೆಕ್ಕ ಬೇಡ್ವಾ?"

ಸುಮ್ಮನೆ ಕೇಳಿದ ಮಾತು ಸುಮ್ಮನಿರಲಿಲ್ಲ. ಪ್ಯಾಕಿಂಗ್ ವಿಭಾಗದವಳು ಬನ್ನು ಬಿಟ್ಟು ಎದ್ದಳು.

"ಪ್ರಶಸ್ತಿ ಕೆಲಸಕ್ಕೋ ಮೈಗೋ? ಅವಳು ದಿನಾ ಬರ್ತಾಳೆ, ದಿನಾ ದುಡೀತಾಳೆ."

"ಕೆಲಸಕ್ಕೇ ಆದರೆ ಮಹಿಳಾ ಅಂತ ಯಾಕೆ ಹಾಕಬೇಕು?" ಎಂದ ಎರಕದ ಮೇಸ್ತ್ರಿ. "ನಮಗೂ ಕೊಡಿ."

"ನಿಮಗೆ ಉಳಿದದ್ದೆಲ್ಲ ಕೊಟ್ಟಿದಾರಲ್ಲ! ಪ್ರಶಸ್ತಿ ಅಂತ ವರ್ಷಕ್ಕೊಂದು ಹೂದಾನಿ ನಮಗೆ ಸಿಕ್ಕರೆ ಅದೂ ಬೇಕಾ?" ಎಂದಳು ಪ್ಯಾಕಿಂಗಿನವಳು.

ಸ್ವಲ್ಪ ಹೊತ್ತಿಗೆ ಕ್ಯಾಂಟೀನು ಎರಡಾಯಿತು, ಎರಡು ನಾಲ್ಕಾಯಿತು. ದಿನವಿಡೀ ಶಿಳ್ಳೆ ಹಾಕುತ್ತ ತಿರುಗಿ 'ಶೀಟಿ' ಎಂದೇ ಹೆಸರಾದವನು ಮಾತ್ರ ಎಲ್ಲ ಗುಂಪಿನಲ್ಲೂ ನಿಂತು ಎಲ್ಲರಿಗೂ ಹೌದು ಎನ್ನುತ್ತಿದ್ದ. ಅವನೂ ಪರೀಕ್ಷಾ ವಿಭಾಗದವನೇ. ಅವನ ಕೈಗೆ ಕೊಟ್ಟ ನಲ್ಲಿಗಳು ಗಿರಾಕಿಯ ಮನೆಯಲ್ಲೇ ಪರೀಕ್ಷೆಗೊಳ್ಳುತ್ತಿದ್ದವು.

ಸಣ್ಣಕ್ಕ ಮೂಲೆಯಲ್ಲಿ ಕೂತು ಟೀ ಮುಗಿಸಿದಳು. ಲೋಟ ತೊಳೆದಿಟ್ಟು ಹೋಗುವಾಗ ದೊಡ್ಡಕ್ಕನ ಹತ್ತಿರ ನಿಂತು, "ಮೂರು ವರ್ಷ ಆದ ಮೇಲೆ ನೆನಪಾಯ್ತಾ?" ಎಂದಳು. ದೊಡ್ಡಕ್ಕನಿಗೆ ಟೀ ಒಮ್ಮೆಲೇ ಕಹಿಯೆನಿಸಿತು. ಆದರೆ ಹೆಜ್ಜೆ ಮುಂದಿಟ್ಟಾಗಿತ್ತು.

ಗಲಾಟೆ ಮ್ಯಾನೇಜರ ಕೋಣೆಗೆ ಹೋಯಿತು. ಮ್ಯಾನೇಜರು ಒಳ್ಳೆಯವರು, ತೀರ್ಮಾನ ತೆಗೆದುಕೊಳ್ಳುವುದೊಂದನ್ನು ಬಿಟ್ಟು ಬೇರೆ ಯಾವ ಕೆಲಸಕ್ಕೂ ಹಿಂಜರಿಯುತ್ತಿರಲಿಲ್ಲ.

"ಸರ್, ನಾನು ಯಾರ ಮೇಲೂ ಹೇಳ್ತಿಲ್ಲ," ಎಂದಳು ದೊಡ್ಡಕ್ಕ. "ಸೇವಾ ರಿಜಿಸ್ಟರ್ ಇದೆಯಲ್ಲ. ಅದರಲ್ಲಿ ಹೆಣ್ಣು ಅಂತ ಇರೋರಿಗೆ ಪ್ರಶಸ್ತಿ. ಮುಗೀತು."

ಸಣ್ಣಕ್ಕನ ಹಳೆಯ ದಾಖಲೆಯನ್ನು ಯಾರು ತಿದ್ದಿರುತ್ತಾರೆ ಎಂಬುದು ಅವಳ ಒಳಲೆಕ್ಕ. ಮ್ಯಾನೇಜರಿಗೋ, ತಮ್ಮ ತಲೆಯ ಹೊರೆಯನ್ನು ಒಂದು ಪುಸ್ತಕ ಹೊರುತ್ತದೆ ಎಂದ ಕೂಡಲೇ ಜೀವ ಬಂತು. "ಒಪ್ಪಿದೆ! ರಿಜಿಸ್ಟರ್ ಹೇಳಿದ್ದೇ ಕೊನೇ ಮಾತು" ಎಂದು ಬರೆದು ಸಹಿ ಹಾಕಿಯೇಬಿಟ್ಟರು.

ಗುಮಾಸ್ತ ರಿಜಿಸ್ಟರ್ ತಂದ. ಬಾಗಿಲ ತುಂಬ ತಲೆಗಳು. ಮೊದಲು ಸಣ್ಣಕ್ಕನ ಪುಟ.

"ಹೆಣ್ಣು," ಎಂದು ಓದಿದ ಗುಮಾಸ್ತ. "ಹೋದ ತಿಂಗಳು ತಿದ್ದಿದ್ದು. ಮೂರು ಸಹಿ, ಎರಡು ಮೊಹರು. ಇಡೀ ರಿಜಿಸ್ಟರ್‌ನಲ್ಲಿ ಇಷ್ಟು ಚೊಕ್ಕವಾದ ಪುಟ ಇನ್ನೊಂದಿಲ್ಲ."

ದೊಡ್ಡಕ್ಕನ ಮುಖ ಗಾಳಿ ಹೋದ ಟ್ಯೂಬಿನಂತಾಯಿತು. ಆದರೂ ತನ್ನದು ಹೇಗೂ ಇದ್ದೇ ಇದೆಯಲ್ಲ, ಸಮಸಮ ಆಯಿತು ಬಿಡು ಎಂದುಕೊಂಡಳು.

ಗುಮಾಸ್ತ ಇನ್ನೊಂದು ಪುಟ ತಿರುವಿದ. ಕನ್ನಡಕ ತೆಗೆದ. ಒರೆಸಿದ. ಮತ್ತೆ ಹಾಕಿಕೊಂಡ.

"ಏನಿದೆ ಓದ್ರೀ," ಎಂದರು ಮ್ಯಾನೇಜರು.

"ಗಂಡು," ಎಂದ ಗುಮಾಸ್ತ.

ಬಾಗಿಲಲ್ಲಿದ್ದ ತಲೆಗಳೆಲ್ಲ ಒಟ್ಟಿಗೇ ಮಾಯವಾದವು. ನಗುವುದಕ್ಕೆ ಜಾಗ ಬೇಕಿತ್ತು.

"ಇದೇನು ಹುಡುಗಾಟ! ಎರಡು ಸಲ ಹೆರಿಗೆ ರಜೆ ಕೊಟ್ಟಿದೀರಿ ನನಗೆ!"

"ಅದು ರಜಾ ರಿಜಿಸ್ಟರ್ ಅಕ್ಕ. ಇದು ಸೇವಾ ರಿಜಿಸ್ಟರ್. ಅದಕ್ಕೂ ಇದಕ್ಕೂ ಮಾತುಕತೆ ಇಲ್ಲ."

"ಗೀಚಿ ಹಾಕಿ ಸರಿ ಬರೀರಿ ಮತ್ತೆ. ನಾನು ಕಣ್ಣೆದುರಿಗೇ ನಿಂತಿದೀನಲ್ಲ!"

"ಕಣ್ಣಿಗೆ ಕಂಡದ್ದನ್ನೆಲ್ಲ ಬರೆಯೋಕೆ ಬರಲ್ಲ. ಅರ್ಜಿ, ಡಾಕ್ಟರ ಪತ್ರ, ಇಬ್ಬರ ಸಾಕ್ಷಿ. ನಾಲ್ಕರೊಳಗೆ ತಂದರೆ ಇವತ್ತು. ಇಲ್ಲ ಅಂದರೆ ಮುಂದಿನ ವರ್ಷ."

ದೊಡ್ಡಕ್ಕ ಮ್ಯಾನೇಜರ ಕಡೆ ನೋಡಿದಳು. ಅವರು ತಾವೇ ಸಹಿ ಹಾಕಿದ ಹಾಳೆಯನ್ನು ನೋಡುತ್ತಿದ್ದರು. "ನಿಯಮ ನೀವೇ ಹೇಳಿದ್ದಲ್ವಾ?" ಎಂದರು, ದುಃಖದಿಂದ.

ಆಗ ಹನ್ನೆರಡೂವರೆ.

ಮೊದಲು ಗಂಡನಿಗೆ ಫೋನು. ಅವನು ದರ್ಜಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವವನು.

"ರೀ, ನಾನು ಹೆಣ್ಣು ಅಂತ ಒಂದು ಚೀಟಿ ಬರೆದು ತಗೊಂಬನ್ನಿ."

ಆ ಕಡೆ ಗುಂಡುಸೂಜಿಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. "ನಾನೇನು ತಪ್ಪು ಮಾಡಿದೆ?" ಎಂದಿತು ಕೊನೆಗೆ ಒಂದು ಸಣ್ಣ ದನಿ.

"ಅಯ್ಯೋ, ಆಫೀಸಿಗೆ ಬೇಕು ಕಣ್ರೀ!"

"ಆಫೀಸಿಗಾ? ಬರೀತೀನಿ. ಯಾವಾಗಿನಿಂದ ಅಂತ ಬರೀಲಿ?"

ಅಷ್ಟರಲ್ಲಿ ಗುಮಾಸ್ತ ಕಿಟಕಿಯಿಂದ ತಲೆ ಹಾಕಿ, "ಸಂಬಂಧಿಕರ ಸಾಕ್ಷಿ ನಡೆಯಲ್ಲ" ಎಂದ. ದೊಡ್ಡಕ್ಕ ಫೋನು ಕುಕ್ಕಿದಳು. ಗಂಡ ಪಾಪ ಆ ಮಧ್ಯಾಹ್ನ ಒಂದು ಕೋಟಿಗೆ ಮೂರು ತೋಳು ಹೊಲಿದನಂತೆ.

ಅರ್ಜಿ ಎಲ್ಲಿ ಸಿಗುತ್ತದೆ? ಪ್ಯಾಕಿಂಗಿನವಳು ಉಗ್ರಾಣದಲ್ಲಿ ಎಂದಳು. ಉಗ್ರಾಣದವನು ಗೇಟಿನಲ್ಲಿ ಎಂದ. ಗೇಟಿನವನು, "ಈ ಅರ್ಜಿ ಇಡೀ ಕಾರ್ಖಾನೆಯಲ್ಲಿ ಒಬ್ಬರೇ ತುಂಬಿರೋದು, ಅವರನ್ನೇ ಕೇಳಿ" ಎಂದು ಪರೀಕ್ಷಾ ವಿಭಾಗದ ಕಡೆಗೆ ಬೆರಳು ತೋರಿಸಿದ.

ದೊಡ್ಡಕ್ಕ ಆ ಬೆರಳಿನ ದಾರಿಯಲ್ಲಿ ಹೋಗದೆ ಕಾರ್ಖಾನೆಯನ್ನು ಎರಡು ಸುತ್ತು ಹಾಕಿದಳು. ಒಂದೂಮುಕ್ಕಾಲಿಗೆ ಸಣ್ಣಕ್ಕನ ಬೆಂಚಿನ ಮುಂದೆ ನಿಂತಳು. ಸಣ್ಣಕ್ಕ ಎಂಟು ನಲ್ಲಿ ಬಿಗಿದು, ನೀರು ಬಿಟ್ಟು, ಒಂದೊಂದನ್ನೂ ನಿಧಾನವಾಗಿ ನೋಡಿ ಮುಗಿಸುವವರೆಗೆ ತಲೆ ಎತ್ತಲಿಲ್ಲ.

"ಮೂರನೇದು ಸೋರ್ತಿದೆ," ಎಂದಳು ದೊಡ್ಡಕ್ಕ, ತಡೆಯಲಾರದೆ.

"ಗೊತ್ತು. ನಿಮಗೆ ಕೇಳಿಸುತ್ತೆ, ನಾನು ಕಾಯಬೇಕು. ಆ ಕಿವಿ ನೋಡಿ ಹೊಟ್ಟೆ ಉರಿದೇ ಈ ಸ್ಟ್ಯಾಂಡು ಮಾಡಿದ್ದು ನಾನು." ಸಣ್ಣಕ್ಕ ಕೈ ಒರೆಸಿಕೊಂಡಳು. "ಏನು ಬೇಕು, ಬಾಯಿಬಿಟ್ಟು ಹೇಳಿ."

"ಅರ್ಜಿ."

"ಯಾವುದಕ್ಕೆ?"

"ನಿಂಗೆ ಗೊತ್ತು."

"ನೀವು ಹೇಳಿದರೆ ಚೆನ್ನಾಗಿ ಗೊತ್ತಾಗುತ್ತೆ."

ದೊಡ್ಡಕ್ಕ ನೆಲ ನೋಡುತ್ತ, "ಹೆಣ್ಣು ಅಂತ ಬರೆಸಿಕೊಳ್ಳೋಕೆ" ಎಂದಳು. ಸಣ್ಣಕ್ಕ ನಗಲಿಲ್ಲ. ಡ್ರಾಯರ್ ಎಳೆದು ಒಂದು ಖಾಲಿ ಅರ್ಜಿ ತೆಗೆದಳು. ಒಂಬತ್ತು ಪುಟ.

"ಇಷ್ಟಿದೆಯಾ!"

"ನನಗೆ ಮೂರು ವರ್ಷ ಹಿಡೀತು. ನಿಮಗೆ ಎರಡು ಗಂಟೆ ಇದೆ. ಕೂತ್ಕೊಳ್ಳಿ."

ಕೂತಳು. ನಾಲ್ಕನೇ ಪ್ರಶ್ನೆ: 'ತಾವು ಹೆಣ್ಣೆಂದು ತಮಗೆ ಯಾವಾಗಿನಿಂದ ಅನ್ನಿಸುತ್ತಿದೆ?' ದೊಡ್ಡಕ್ಕ ಪೆನ್ನು ಕಚ್ಚಿದಳು. ಹುಟ್ಟಿದಾಗಿನಿಂದ ಯಾರಾದರೂ ಅವಳಿಗೆ ಹೇಳುತ್ತಲೇ ಬಂದಿದ್ದರು. ಅನ್ನಿಸಲಿಕ್ಕೆ ಬಿಡುವೇ ಕೊಟ್ಟಿರಲಿಲ್ಲ. ಏಳನೆಯದು: 'ಸಹೋದ್ಯೋಗಿಗಳಿಗೆ ಇದರಿಂದ ಮುಜುಗರವಾಗುವುದಿಲ್ಲವೆಂದು ಹೇಗೆ ಖಾತ್ರಿಪಡಿಸುವಿರಿ?'

"ಇದೆಂಥ ಪ್ರಶ್ನೆ! ಇವರಿಗೆ ಮಾನ ಮರ್ಯಾದೆ ಇಲ್ವಾ?"

"ಬೆಳಿಗ್ಗೆ ಕ್ಯಾಂಟೀನಿನಲ್ಲಿ ನನಗೂ ಹಾಗೇ ಅನ್ನಿಸಿತು," ಎಂದಳು ಸಣ್ಣಕ್ಕ. ದೊಡ್ಡಕ್ಕ ಮುಂದಿನ ಎರಡು ಪುಟ ತಲೆ ಎತ್ತದೆ ತುಂಬಿದಳು. ಅಷ್ಟರ ನಡುವೆಯೂ ಅವಳಿಗೆ ಒಂದು ಕಿಚ್ಚು ಇದ್ದೇ ಇತ್ತು: ಅರ್ಜಿ ತುಂಬುವುದರಲ್ಲೂ ಇವಳೇ ಮುಂದೆ!

ಕಾರ್ಖಾನೆಯ ಚಿಕಿತ್ಸಾಲಯದಲ್ಲಿ ಅವತ್ತು ಹಲ್ಲಿನ ಡಾಕ್ಟರ ಪಾಳಿ. ಅವರು ಬಾಯಿ ತೆರೆಸಿದರು, ಟಾರ್ಚು ಬಿಟ್ಟರು, ಬರೆದರು: 'ಮೂವತ್ತು ಹಲ್ಲುಗಳಿವೆ. ಎರಡು ಕೀಳಿಸಲಾಗಿದೆ. ಇವರೇ ಹೇಳುವ ಪ್ರಕಾರ ಹೆಣ್ಣು.'

"ಇದು ನಡೆಯುತ್ತಾ?"

"ಮೊಹರು ಇದೆಯಲ್ಲ," ಎಂದಳು ಸಣ್ಣಕ್ಕ. "ಗುಮಾಸ್ತ ಮೊಹರಿನ ಮೇಲಕ್ಕೆ ಓದಲ್ಲ."

ಇನ್ನು ಸಾಕ್ಷಿ. ಪ್ಯಾಕಿಂಗಿನವಳು ಬೆಳಗಿನ ಸಿಟ್ಟಿನಲ್ಲಿ ಕೈ ಕಟ್ಟಿ ನಿಂತಳು. ಎರಕದ ಮೇಸ್ತ್ರಿ ಯೋಚಿಸಿ ಹೇಳುತ್ತೇನೆ ಎಂದ. ಸಣ್ಣಕ್ಕನೇ ಪೆನ್ನು ತೆಗೆದುಕೊಂಡು, 'ಇವರನ್ನು ಹದಿನಾಲ್ಕು ವರ್ಷದಿಂದ ಬಲ್ಲೆ. ಇವರು ಹೆಣ್ಣೇ' ಎಂದು ಬರೆದು ಸಹಿ ಹಾಕಿದಳು. ಎರಡನೆಯ ಸಹಿಗೆ ಶೀಟಿ ಸಿಕ್ಕಿದ. ಏನು ಎತ್ತ ಕೇಳದೆ, ಶಿಳ್ಳೆ ನಿಲ್ಲಿಸದೆ, ಗೋಡೆಗೆ ಕಾಗದ ಒತ್ತಿ ಸಹಿ ಹಾಕಿ ಹೋದ.

ನಾಲ್ಕಕ್ಕೆ ಮೂರು ನಿಮಿಷವಿದ್ದಾಗ ಗುಮಾಸ್ತ 'ಗಂಡು' ಎಂಬುದರ ಮೇಲೆ ಸ್ಕೇಲಿಟ್ಟು ಒಂದು ಗೆರೆ ಎಳೆದು, ಪಕ್ಕದಲ್ಲಿ 'ಹೆಣ್ಣು' ಎಂದು ಬರೆದು ಮೊಹರು ಒತ್ತಿದ. ದೊಡ್ಡಕ್ಕ ಎರಡೂ ಕೈಯಿಂದ ಕೂದಲು ಸರಿಮಾಡಿಕೊಂಡಳು.

ಐದಕ್ಕೆ ಎಲ್ಲರೂ ಸೇರಿದರು. ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. "ಇಬ್ಬರೂ ಅರ್ಹರೇ. ನನಗೆ ಬಹಳ ಕಷ್ಟವಾಯಿತು. ಆದರೆ ಹೆಣ್ಣೆನ್ನಿಸಿಕೊಳ್ಳೋದಕ್ಕೆ ಒಂದಿಡೀ ದಿನ ಹೀಗೆ ಓಡಾಡಿದವರನ್ನ ನಾನು ನೋಡಿಲ್ಲ. ಆದ್ದರಿಂದ, ದೊಡ್ಡಕ್ಕ!"

ಮೂರು ವರ್ಷ ಓಡಾಡಿದ್ದವಳು ಎರಡನೇ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದಳು. ದೊಡ್ಡಕ್ಕ ಅವಳ ಮುಖ ನೋಡಲಿಲ್ಲ, ಹೂದಾನಿ ನೋಡಿದಳು. ಗಾಜಿನದು. ತೀರ ದೊಡ್ಡದೇನಲ್ಲ. ಆದರೂ ಇಪ್ಪತ್ತೆರಡು ವರ್ಷದ ಮೇಲೆ ಕಿವಿಗೆ ಚಪ್ಪಾಳೆ ಬಿತ್ತು. ಎದೆ ಬಲೂನಿನಂತೆ ಉಬ್ಬಿತು.

ಅಷ್ಟರಲ್ಲಿ ಮ್ಯಾನೇಜರು, "ಇನ್ನೊಂದು ಸಂತೋಷದ ಸುದ್ದಿ" ಎಂದರು. "ನಮ್ಮ ಪರೀಕ್ಷಾ ವಿಭಾಗಕ್ಕೆ ಹೊಸ ಮುಖ್ಯಸ್ಥರು ನೇಮಕವಾಗಿದ್ದಾರೆ. ಯಾರು ಗೊತ್ತಾ? ನಮ್ಮ ಶೀಟಿ!"

ಶೀಟಿಯ ಶಿಳ್ಳೆ ಮೊದಲ ಸಲ ನಿಂತಿತು. ದೊಡ್ಡಕ್ಕ ಹೂದಾನಿ ಸಮೇತ ಗುಮಾಸ್ತನನ್ನು ಗೋಡೆಗೆ ಒತ್ತಿ ಹಿಡಿದಳು.

"ಅವನಿಗಾ? ಅವನು ಪಾಸು ಮಾಡಿದ ನಲ್ಲಿ ಜೊತೆ ಬಕೆಟ್ಟೂ ಕೊಡಬೇಕು! ಯಾವ ಪುಣ್ಯಾತ್ಮ ಆರಿಸಿದ್ದು?"

"ಹೆಡ್ ಆಫೀಸು," ಎಂದ ಗುಮಾಸ್ತ, ಜಾರಿದ ಕನ್ನಡಕ ಹಿಡಿದುಕೊಳ್ಳುತ್ತ. "ವಿಭಾಗದ ಗಂಡಸರಲ್ಲಿ ಅತಿ ಹೆಚ್ಚು ಅಂಕ ಇರೋರನ್ನ ಕಂಪ್ಯೂಟರ್ ಆರಿಸುತ್ತೆ. ನಿಜ ಹೇಳಬೇಕು ಅಂದರೆ, ಮಧ್ಯಾಹ್ನ ಬಂದ ಆದೇಶದಲ್ಲಿ ಮೊದಲನೇ ಹೆಸರು ಅವನದಲ್ಲ."

"ಯಾರದು?"

"ನಿಮ್ಮದು."

ದೊಡ್ಡಕ್ಕನ ಕಿವಿ ಆ ಕ್ಷಣ ಏನನ್ನೂ ಕೇಳಿಸಿಕೊಳ್ಳಲಿಲ್ಲ. ಗುಮಾಸ್ತ ಮತ್ತೊಮ್ಮೆ ಹೇಳಬೇಕಾಯಿತು.

"ಶ್ರೀಯುತ ಅಂತ ಹಾಕಿ ನಿಮ್ಮ ಹೆಸರೇ ಇತ್ತು ಅಕ್ಕ. ರಿಜಿಸ್ಟರ್ ಜೊತೆ ತಾಳೆ ನೋಡಿ ಖಚಿತಪಡಿಸಿ ಅಂದಿದ್ದರು. ನಾನು ನಾಲ್ಕೂವರೆಗೆ ನೋಡಿದೆ. ಹೆಣ್ಣು ಅಂತಿತ್ತು. ತಾಳೆ ಆಗಲಿಲ್ಲ. ಮುಂದಿನ ಹೆಸರು ಶೀಟಿ."

"ಗಂಡಸರ ಪಟ್ಟಿಯಿಂದಲೇ ಯಾಕೆ ಆರಿಸಬೇಕು?"

ಗುಮಾಸ್ತ ಅವಳನ್ನು ಕನಿಕರದಿಂದ ನೋಡಿದ. "ಮುಖ್ಯಸ್ಥರ ಹುದ್ದೆ ಅಲ್ವಾ ಅಕ್ಕ?"

ದೊಡ್ಡಕ್ಕ ತನ್ನ ಬೆಂಚಿಗೆ ಬಂದು ಕುಸಿದಳು. ಪಕ್ಕದಲ್ಲಿ ಸಣ್ಣಕ್ಕ ಸ್ಟ್ಯಾಂಡಿನ ನೀರು ಇಳಿಸುತ್ತಿದ್ದಳು.

"ನಂಗೂ ಹೀಗೇ ಆಗಿದ್ದು," ಎಂದಳು ಅವಳು, ತಿರುಗದೆ. "ಪಾಳಿ ಮೇಲ್ವಿಚಾರಕರ ಪಟ್ಟಿಯಲ್ಲಿ ಮೊದಲನೇ ಹೆಸರು ನನ್ನದಿತ್ತು. ಮೊಹರು ಬಿದ್ದ ವಾರವೇ ಹೋಯ್ತು."

"ಬೆಳಿಗ್ಗೆಯೇ ಹೇಳಬಾರದಿತ್ತಾ!"

"ನೀವು ಪಟ್ಟಿಯಲ್ಲಿದ್ದೀರಿ ಅಂತ ನನಗೇನು ಕನಸಾ? ಮತ್ತೆ, ಬೆಳಿಗ್ಗೆ ನೀವು ನನ್ನ ಹತ್ತಿರ ಮಾತಾಡೋ ಹಾಗೆ ಇದ್ರಾ?"

ದೊಡ್ಡಕ್ಕ ಹೂದಾನಿಯನ್ನು ಇಬ್ಬರ ಬೆಂಚಿನ ನಡುವೆ ಇಟ್ಟಳು. ಸಣ್ಣಕ್ಕ ಅದು ಬೀಳದಂತೆ ಒಳಕ್ಕೆ ಸರಿಸಿದಳು. ಆರು ತಿಂಗಳಲ್ಲಿ ದೊಡ್ಡಕ್ಕನಿಗೆ ಅವಳ ಬಗ್ಗೆ ಹೊಟ್ಟೆ ಉರಿಯದೇ ಇದ್ದ ನಿಮಿಷ ಅಂದರೆ ಅದೊಂದೇ ಇರಬೇಕು. ಕ್ಷಮೆ ಕೇಳೋಣ ಎಂದು ದೊಡ್ಡಕ್ಕ ಬಾಯಿ ತೆರೆದಳು ಕೂಡ.

ಆಗ ಶೀಟಿ ಬಂದ. ಕೈಯಲ್ಲೊಂದು ನಲ್ಲಿ. ಅದನ್ನು ತಲೆಕೆಳಗಾಗಿ ಹಿಡಿದಿದ್ದ. ನೇರವಾಗಿ ಸಣ್ಣಕ್ಕನ ಮುಂದೆ ನಿಂತ.

"ಸಣ್ಣಕ್ಕ, ನಾಳೆಯಿಂದ ನಾನೇ ಮುಖ್ಯಸ್ಥನಂತೆ. ಈ ಪರೀಕ್ಷೆ ಮಾಡೋದು ಹೇಗೆ ಅಂತ ಸ್ವಲ್ಪ ಕಲಿಸ್ತೀರಾ? ನಿಮ್ಮಷ್ಟು ಚೆನ್ನಾಗಿ ಬಲ್ಲೋರು ಇಲ್ಲಿ ಬೇರೆ ಯಾರಿದಾರೆ ಹೇಳಿ."

ಸಣ್ಣಕ್ಕ ಪಿನ್ನು ಬಿಚ್ಚಿ ಕೂದಲು ಕಟ್ಟಿಕೊಳ್ಳುತ್ತ, "ನನಗೆ ಪುರುಸೊತ್ತಿಲ್ಲ" ಎನ್ನುವವಳಿದ್ದಳು. ಅರ್ಧ ಹೇಳಿಯೂ ಇದ್ದಳು.

ಆದರೆ ದೊಡ್ಡಕ್ಕ ಎದ್ದು ನಿಂತಾಗಿತ್ತು. ಮುಖ ಕೆಂಡದಂತಾಗಿತ್ತು. "ಅವಳನ್ನೇನು ಕೇಳ್ತೀಯ? ಇಪ್ಪತ್ತೆರಡು ವರ್ಷದಿಂದ ಇಲ್ಲಿರೋ ನಾನೇನು ಸತ್ತುಹೋಗಿದೀನಾ? ನಾನು ಕಲಿಸ್ತೀನಿ! ದಿನಾ ಏಳು ಗಂಟೆಗೆ ಬಾ. ಆರು ತಿಂಗಳು ಹಿಡಿದರೂ ಸರಿ, ನಾನೇ ಕಲಿಸೋಳು!"

"ಆಯ್ತು," ಎಂದ ಶೀಟಿ, ಸಲೀಸಾಗಿ. ನಲ್ಲಿಯನ್ನು ಅವಳ ಕೈಗಿಟ್ಟು, ಶಿಳ್ಳೆ ಹಾಕುತ್ತ ಹೊರಟ.

ಅವನು ಬಾಗಿಲು ದಾಟಿದ ಮೇಲೆಯೇ ದೊಡ್ಡಕ್ಕನಿಗೆ ತಾನು ಏನು ಹೇಳಿದೆ ಎಂಬುದು ತಲೆಗೆ ಹೋದದ್ದು.