ಆಸೆಯಿಲ್ಲದವನ ರಜೆ ಅರ್ಜಿ

ಬೊಂಬಾಯಿಯ ಮಾಟುಂಗದ ಶ್ರೀ ಶಾಂತಿಸುಧಾ ವಿಲಾಸ ಹೋಟೆಲಿನಲ್ಲಿ ೧೯೫೬ನೆಯ ಇಸವಿಯ ಯುಗಾದಿಯಿಂದ ಆಸೆಯನ್ನು ನಿಷೇಧಿಸಲಾಯಿತು.

ಹೋಟೆಲಿನ ಧಣಿ ಪೂವಪ್ಪನವರು ನಾಲ್ಕು ದಿನ ಕನ್ನಡ ಸಂಘದ ಸಭಾಂಗಣದಲ್ಲಿ ಪ್ರವಚನ ಕೇಳಿದ್ದರು. ಯಜಮಾನನಾದವನು ನಿಷ್ಕಾಮ ಕರ್ಮದಲ್ಲಿ ಕೆಲಸಗಾರರನ್ನು ಮುನ್ನಡೆಸಬೇಕೆಂದು ಅಲ್ಲಿ ತಿಳಿಯಿತು. ಐದನೆಯ ದಿನ ಕೈತೊಳೆಯುವ ಜಾಗದ ಮೇಲೆ ಬೋರ್ಡು ಬಂತು.

೧. ಸಪ್ಲಾಯರುಗಳು ಫಲಾಪೇಕ್ಷೆಯಿಲ್ಲದೆ ಬಡಿಸತಕ್ಕದ್ದು.
೨. ಗಿರಾಕಿಗಳಿಗೆ ತಿಂಡಿ ಹೇಳುವ ಅಧಿಕಾರ ಮಾತ್ರ ಉಂಟು; ಯಾವಾಗ ಬರುತ್ತದೆಂದು ಕೇಳಕೂಡದು.
೩. ಯಾರಿಗಾದರೂ ಆಸೆ ಹುಟ್ಟಿಯೇಬಿಟ್ಟಲ್ಲಿ, ಅದರ ಭಾರವನ್ನು ಅವರ ಪರವಾಗಿ ಧಣಿಗಳೇ ಹೊರತಕ್ಕದ್ದು.

ಮೂರನೆಯದನ್ನು ಓದಿ ಅಡುಗೆಯವರ ಕಣ್ಣು ಒದ್ದೆಯಾಯಿತು. ಇಂಥ ಧಣಿ ಯಾರಿಗುಂಟು, ಯಾರಿಗಿಲ್ಲ! ಆ ವಾರ ಅಡುಗೆಮನೆಗೆ ಬಂದ ಆಪೂಸು ಮಾವಿನ ಬುಟ್ಟಿಯ ಭಾರವನ್ನು ಧಣಿಗಳೊಬ್ಬರೇ ಹೊತ್ತರು. ಮೂರು ದಿನ ಹೊಟ್ಟೆ ಕೆಟ್ಟರೂ ಯಾರನ್ನೂ ದೂರಲಿಲ್ಲ. ಸಪ್ಲಾಯರುಗಳೂ ಅಡುಗೆಮನೆಯತ್ತ “ಒಂದು ಮಸಾಲೆ, ಬಂದರೆ ಬರಲಿ!” ಎಂದು ಕೂಗಲು ಕಲಿತರು.

ಹನ್ನೆರಡು ವರ್ಷದಿಂದ ಬಡಿಸುತ್ತಿದ್ದ ಸದಾನಂದನಿಗೆ ಇದರಲ್ಲಿ ತೊಂದರೆಯೇನೂ ಕಂಡಿರಲಿಲ್ಲ, ಊರಿನಿಂದ ಕಾಗದ ಬರುವ ತನಕ. ಕಾಪುವಿನ ಶೀಲಾವತಿಯ ಜೊತೆ ಅವನ ಮದುವೆ ನಿಶ್ಚಯವಾಗಿತ್ತು. ಹೋದ ವರ್ಷ ಅವಳನ್ನು ಒಮ್ಮೆ ನೋಡಿದ್ದ. ಅಂದಿನಿಂದ ಅವನಿಗೆ ಅವಳೆಂದರೆ ಜೀವ. ಊರಿಗೆ ಹೋಗುವ ಮಂಗಳವಾರದ ಹಡಗು ಹತ್ತದಿದ್ದರೆ ಮುಹೂರ್ತ ತಪ್ಪುತ್ತಿತ್ತು.

“ಧಣಿಗಳೇ, ಹದಿನೈದು ದಿನ ರಜೆ ಬೇಕಿತ್ತು. ನನ್ನ ಮದುವೆ ಉಂಟು.”

“ಸಂತೋಷ. ಮದುವೆಯಾಗುವ ಆಸೆ ಉಂಟಾ ನಿನಗೆ?”

“ಉಂಟು ಧಣಿಗಳೇ.”

“ಹಾಗಾದ್ರೆ ರಜೆ ಕೊಟ್ರೆ ನಿನ್ನ ಆತ್ಮ ಕೆಡಿಸಿದ ಪಾಪ ನನಗೆ ಬರ್ತದೆ ಮಾರಾಯ.”

ಸದಾನಂದ ಮರುದಿನ ಮತ್ತೆ ಹೋಗಿ ನಿಂತ. “ಧಣಿಗಳೇ, ಈಗ ಆಸೆ ಒಂಚೂರೂ ಇಲ್ಲ.”

“ಶಾಭಾಸ್! ಆಸೆಯೇ ಇಲ್ಲದವನಿಗೆ ರಜೆ ಎಂತಕ್ಕೆ? ಹೋಗು, ಮೂರನೇ ಟೇಬಲ್ ನೋಡು.”

ಮೂರನೇ ಟೇಬಲಿನಲ್ಲಿ ಶಂಕ್ರೆಪ್ಪ ಕೂತಿದ್ದರು. ಧಾರವಾಡದ ಕಡೆಯವರು, ಮುಲುಂಡಿನಿಂದ ದಿನಾ ಲೋಕಲ್ ಹಿಡಿದು ಬರುವ ಗುಮಾಸ್ತರು. ಎಂಟು ಗಂಟೆಗೆ ಮಸಾಲೆ ದೋಸೆ ಹೇಳಿದ್ದರು, ಈಗ ಹತ್ತಾಗಿತ್ತು.

“ತಮ್ಮಾ, ದ್ವಾಸಿ ಬಗ್ಗೆ ನಾ ಏನೂ ಕೇಳವಲ್ಲೆ, ಬೋರ್ಡ್ ಐತಿ. ಆದ್ರ ನೀ ಯಾಕ ಮಾರಿ ಸಣ್ಣದು ಮಾಡೀದಿ?”

ಸದಾನಂದ ಎಲ್ಲ ಹೇಳಿದ. ಶಂಕ್ರೆಪ್ಪ ಇಪ್ಪತ್ತು ವರ್ಷ ಫೈಲು ನೋಡಿದ ಮನುಷ್ಯ.

“ರೂಲಿನಿಂದ ಬಂದ ರೋಗಕ್ಕ ರೂಲಿನಾಗ ಔಷಧ ಇರತೈತಿ. ಮೂರನೇದು ಓದು. ನಿನ್ನ ಆಸೆ ಹೊರೋದು ಅವರ ಕೆಲಸ. ಪೆನ್ನು ತಾ.”

ಇಬ್ಬರೂ ಕೂಡಿ ಬರೆದರು: “ಮದುವೆಯ ಕುರಿತು ನನಗೆ ಯಾವ ಆಸೆಯೂ ಇರುವುದಿಲ್ಲ. ಇದ್ದದ್ದನ್ನು ನಿಯಮ ಮೂರರ ಮೇರೆಗೆ ಧಣಿಗಳಿಗೆ ಒಪ್ಪಿಸಿದ್ದೇನೆ. ಸೂಕ್ತ ಕ್ರಮ ಕೈಗೊಂಡು ರಜೆ ಮಂಜೂರು ಮಾಡಬೇಕಾಗಿ ಪ್ರಾರ್ಥನೆ.”

ಪೂವಪ್ಪನವರು ಓದಿ ಕನ್ನಡಕ ಒರೆಸಿಕೊಂಡರು. “ಇಷ್ಟು ದೊಡ್ಡ ಭಾರ ಇದುವರೆಗೆ ಯಾರೂ ಕೊಟ್ಟಿರಲಿಲ್ಲ,” ಎಂದರು. ನಿಂತ ಕಾಲಲ್ಲೇ ಹದಿನೈದು ದಿನ ರಜೆ ಮಂಜೂರಾಯಿತು, ಧಣಿಗಳಿಗೆ. ಆಸೆ ಯಾರ ಹತ್ತಿರ ಇದೆಯೋ ಅವರೇ ತಾನೆ ಹೋಗಬೇಕು?

ಮಂಗಳವಾರ ಅವರು ರೇಷ್ಮೆ ಶಲ್ಯ ಹೊದ್ದು ಹಡಗು ಹತ್ತಿದರು. ಬಂದರಿನ ಧಕ್ಕೆಯ ತನಕ ಟ್ರಂಕು ಹೊತ್ತವನು ಸದಾನಂದ.

“ಮುಹೂರ್ತ ಮುಂದೆ ಹಾಕ್ಲಿಕ್ಕೆ ಹೇಳಿ ಧಣಿಗಳೇ!” ಎಂದು ಕೂಗಿದ.

“ಎಲ್ಲ ಭಾರ ನನ್ನದು!” ಎಂದು ಅವರು ಮೇಲಿನಿಂದ ಕೈಬೀಸಿದರು.

ಹದಿನಾರನೆಯ ದಿನ ಸ್ವಲ್ಪ ದಪ್ಪವಾಗಿ ಮರಳಿದ ಧಣಿಗಳು ಎಲ್ಲರನ್ನೂ ಸೇರಿಸಿ ವರದಿ ಒಪ್ಪಿಸಿದರು.

“ಮುಹೂರ್ತ ತಪ್ಪಲಿಲ್ಲ. ವಾಲಗ ತಪ್ಪಲಿಲ್ಲ. ಹೋಳಿಗೆಗೆ ತುಪ್ಪ ತಪ್ಪಲಿಲ್ಲ. ವರ ಒಬ್ಬ ಇರಲಿಲ್ಲ, ಅಷ್ಟೇ. ಅದಕ್ಕೆ ಪಕ್ಕದ ಮನೆಯ ಕಾಂತಪ್ಪನನ್ನು ಕೂರಿಸಿದ್ದು.”

“ಶೀಲಾವತಿ?” ಎಂದ ಸದಾನಂದ.

“ಬಹಳ ಒಳ್ಳೆ ಹುಡುಗಿ. ಒಂದೇ ಮಾತು ಕೇಳಿದಳು, ಬೊಂಬಾಯಿಯವರು ಯಾಕೆ ಬರಲಿಲ್ಲ ಅಂತ. ಅವನಿಗೆ ಆಸೆ ಇಲ್ಲವಂತೆ ಅಂದೆ. ನಂಬಲಿಲ್ಲ. ನಿನ್ನ ಅರ್ಜಿ ತೋರಿಸಿದೆ. ಎರಡು ಸಲ ಓದಿದಳು. ಆಮೇಲೆ ಏನೂ ಕೇಳಲಿಲ್ಲ.” ಧಣಿಗಳು ಸದಾನಂದನ ಬೆನ್ನು ತಟ್ಟಿದರು. “ಕರ್ಮ ನಿನ್ನದು, ಫಲ ಕಾಂತಪ್ಪನದ್ದು. ಪ್ರವಚನದವರು ಹೇಳಿದ್ದು ಇದನ್ನೇ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಸದಾನಂದನಿಗೆ ಹೂವಿನ ಹಾರ ಹಾಕಿ ಫೋಟೋ ತೆಗೆಸಿ, ಬೋರ್ಡಿನ ಪಕ್ಕ ತೂಗುಹಾಕುವುದೆಂದು ತೀರ್ಮಾನವಾಯಿತು. ಅವನ ಮದುವೆಯ ಲಾಡು ಅವನಿಗೂ ಒಂದು ಸಿಕ್ಕಿತು.

ಮೂರನೇ ಟೇಬಲಿನಿಂದ ಶಂಕ್ರೆಪ್ಪ ಮೆಲ್ಲಗೆ, “ಅರ್ಜಿ ಮಾತ್ರ ಭಾಳ ಚಲೋ ಬರದಿದ್ವಿ ನೋಡು,” ಎಂದರು.

ಸದಾನಂದನಿಗೆ ಅಳು ಬಂತು. ಲಾಡನ್ನು ಬಶಿಯಲ್ಲಿಟ್ಟು, ಬೆಳಿಗ್ಗೆಯೇ ಮಸಾಲೆ ದೋಸೆ ಹೇಳಿದ್ದ ಶಂಕ್ರೆಪ್ಪನವರ ಮುಂದೆ ಇಟ್ಟ. ಅವರು ಬೋರ್ಡಿನ ಕಡೆ ಒಮ್ಮೆ ನೋಡಿ, ಏನೂ ಕೇಳದೆ ತಿಂದು ಮುಗಿಸಿದರು.

ಸದಾನಂದ ಹೆಗಲ ಬಟ್ಟೆಯಿಂದ ಮೊದಲು ಕಣ್ಣು, ಆಮೇಲೆ ಟೇಬಲು ಒರೆಸಿ, ಅಡುಗೆಮನೆಯತ್ತ ತಿರುಗಿ ಕೂಗಿದ:

“ಒಂದು ಮಸಾಲೆ, ಬಂದರೆ ಬರಲಿ!”