ಎರಡು ಬೆರಳು ಅಗಲ

ಎಲ್ಲ ತಾಪತ್ರಯಕ್ಕೂ ಕಾರಣ ಎರಡೇ ಎರಡು ಬೆರಳು. ಟೈರಿನಂಗಡಿಯವನು "ಹಳೇ ಅಳತೆಯದ್ದೇ ಹಾಕ್ಲಾ ಸಾರ್?" ಎಂದಾಗ ಸುಮ್ಮನೆ ಹೂಂ ಅಂದುಬಿಟ್ಟಿದ್ದರೆ ಆಗಿಹೋಗುತ್ತಿತ್ತು. ನಮ್ಮ ಸೈಲೆನ್ಸ್ ಸಾರ್ ಹಾಗನ್ನಲಿಲ್ಲ. ಎರಡು ಬೆರಳು ಜೋಡಿಸಿ ತೋರಿಸಿ, "ಇಷ್ಟು ಅಗಲ ಜಾಸ್ತಿ ಇರೋದು ಹಾಕಪ್ಪ. ತಿರುವಿನಲ್ಲಿ ರಸ್ತೆ ಕಚ್ಚಿ ಹಿಡೀಬೇಕು" ಅಂದರು.

ಲೈಬ್ರರಿಯಲ್ಲಿ ಇಪ್ಪತ್ತೆರಡು ವರ್ಷದಿಂದ "ಶ್... ಸೈಲೆನ್ಸ್!" ಎನ್ನುತ್ತಾ ಬಂದಿದ್ದಕ್ಕೆ ಬೀದಿಯವರು ಇಟ್ಟ ಹೆಸರು ಅದು. ಹೊರಗೆ ಅಷ್ಟು ಮೆತ್ತಗಿನ ಮನುಷ್ಯ, ಎದೆಯೊಳಗೆ ಮಾತ್ರ ಗಂಟೆಗೆ ನೂರೈವತ್ತು ಕಿಲೋಮೀಟರು ಓಡುತ್ತಿದ್ದರು. ಹೋದ ವರ್ಷ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ನೀಲಿ ಕಾರು ಕೊಂಡರು. ಎಂಜಿನ್ನು ಹುಲಿ. ಹಿಂದಿನ ಯಜಮಾನ ಗಿಡ್ಡ ಸ್ಪ್ರಿಂಗು ಹಾಕಿಸಿ ಅದನ್ನು ಎಷ್ಟು ತಗ್ಗಿಸಿದ್ದನೆಂದರೆ, ಕೆಳಗೆ ನುಸುಳಬೇಕಾದರೆ ಇರುವೆಯೂ ತಲೆ ಬಗ್ಗಿಸಬೇಕು.

ಊರಾಚೆಯ ರೇಸ್ ಟ್ರ್ಯಾಕನ್ನು ವರ್ಷಕ್ಕೊಂದು ದಿನ ಸಾಮಾನ್ಯರಿಗೆ ಬಿಡುತ್ತಾರೆ. ತಲೆಗೆ ಮೂರು ಸುತ್ತು, ಎಷ್ಟು ಜೋರಾಗಿ ಬೇಕಾದರೂ ಹೊಡೆಯಬಹುದು. ಆ ದಿನ ಇವತ್ತೇ, ಮಧ್ಯಾಹ್ನ ಮೂರಕ್ಕೆ. ಷರತ್ತು ಒಂದೇ: ಟೈರು ಕಾರಿಗೆ ಎಲ್ಲೂ ಉಜ್ಜಬಾರದು. ಉಜ್ಜಿದರೆ ಬಾಗಿಲಿಂದಲೇ ವಾಪಸ್ಸು.

ಬೆಳಿಗ್ಗೆ ಎಂಟಕ್ಕೆ ಸಾರ್ ಗೇಟಿನಿಂದ ಕಾರು ಹೊರತೆಗೆದು ಸ್ಟೀರಿಂಗ್ ತಿರುಗಿಸಿದರು.

ಖರ್‌ರ್‌ರ್!

"ರೀ, ಏನ್ರೀ ಅದು? ಮಿಕ್ಸಿಯೊಳಗೆ ಚಮಚ ಬಿದ್ದ ಹಾಗೆ!" ಒಳಗಿನಿಂದ ಹೆಂಡತಿ.

"ಏನಿಲ್ಲ ಕಣೇ, ಹೊಸ ಟೈರು. ಪಳಗಬೇಕು."

ಆ ಕಡೆ ತಿರುಗಿಸಿದರು. ಖರ್‌ರ್! "ಶ್!" ಎಂದು ಅಭ್ಯಾಸಬಲದಿಂದ ಕಾರನ್ನೇ ಗದರಿದರು. ಕಾರು ಕೇಳಲಿಲ್ಲ, ಬೀದಿ ಕೇಳಿಸಿಕೊಂಡಿತು. ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟ್ರು ಪೇಪರ್ ಮಡಚಿಕೊಂಡು ಬಂದರು. ಎದುರುಮನೆ ಟೇಲರ್ ಕೊರಳಿನ ಟೇಪನ್ನೂ ತೆಗೆಯದೆ ಓಡಿಬಂದ.

"ಗಾಳಿ ಜಾಸ್ತಿಯಾಗಿದೆ," ಹೆಡ್‌ಮಾಸ್ಟ್ರು ತೀರ್ಪು ಕೊಟ್ಟರು. "ಇಳಿಸಿದ್ರೆ ತೆಳ್ಳಗಾಗುತ್ತೆ. ಬಲೂನು ನೋಡಿಲ್ವೇನ್ರೀ?"

ಸಾರ್ ಬಾಯಿ ತೆರೆಯುವಷ್ಟರಲ್ಲಿ ಪೆನ್ನಿನ ತುದಿಯಿಂದ ವಾಲ್ವ್ ಒತ್ತಿ ಬುಸ್ ಎನಿಸಿಯೇಬಿಟ್ಟರು. ಟೈರು ತೆಳ್ಳಗಾಗಲಿಲ್ಲ, ಭರ್ಜರಿ ಊಟ ಮುಗಿಸಿ ಸಡಿಲ ಬಿಟ್ಟ ಹೊಟ್ಟೆಯಂತೆ ಪಕ್ಕಕ್ಕೆ ಜೋತುಬಿತ್ತು. ಈ ಸಲದ ಖರ್‌ರ್‌ಗೆ ಬೀದಿಯ ಕೊನೆಯಲ್ಲಿ ಮಲಗಿದ್ದ ನಾಯಿ ಎದ್ದು ಜಾಗ ಬದಲಾಯಿಸಿತು. ಸೈಕಲ್ ಪಂಪಿನಲ್ಲಿ ಮತ್ತೆ ಗಾಳಿ ಹೊಡೆಯುವಷ್ಟರಲ್ಲಿ ಸಾರ್ ಅವರ ಗಾಳಿಯೇ ಹೋಗಿ ಗಂಟೆ ಹತ್ತಾಯಿತು.

"ಪಕ್ಕಕ್ಕೆ ಸರೀರಿ ಸಾರ್, ಇದು ಅಳತೆ ಕೆಲಸ," ಎಂದ ಟೇಲರ್. ಟೈರಿನ ಸುತ್ತಳತೆ ತೆಗೆದ. ಚಕ್ರದ ಮೇಲೆ ಕಮಾನಿನಂತೆ ಬಾಗಿದ್ದ ಮಡ್‌ಗಾರ್ಡಿನ ಒಳಅಂಚಿಗೆ ಗುರುತುಹಾಕುವ ಸೀಮೆಸುಣ್ಣ ಬಳಿದ. "ಈಗ ಸ್ವಲ್ಪ ತಿರುಗಿಸಿ... ಹಾಂ, ನೋಡಿ! ಸುಣ್ಣ ಟೈರಿಗೆ ಹತ್ತಿದೆ. ಇಲ್ಲೇ ಬಿಗಿ. ತಗಡನ್ನ ಒಳಕ್ಕೆ ಮಡಚಿಟ್ಟಿದಾರೆ, ಪ್ಯಾಂಟಿನ ಒಳಮಡಿಕೆ ಇದ್ದ ಹಾಗೆ. ಇಸ್ತ್ರಿ ಹೊಡೆದು ಚಪ್ಪಟೆ ಮಾಡಿದ್ರೆ ಅರ್ಧ ಇಂಚು ಜಾಗ ಸಿಗುತ್ತೆ."

ಸಾರ್ ಅವನನ್ನು ತಬ್ಬಿಕೊಳ್ಳುವುದೊಂದು ಬಾಕಿ. ಇಬ್ಬರನ್ನೂ ಕೂರಿಸಿಕೊಂಡು, ಖರ್ ಖರ್ ಎಂದು ಊರಿಗೆಲ್ಲ ಸಾರುತ್ತಾ, ಕಾರಿನ ಸೊಟ್ಟು ತೆಗೆಯುವ ಟಿಂಕರನ ಶೆಡ್ಡಿಗೆ ಹೊರಟರು.

"ಅಂಚಿಗೆ ಇಸ್ತ್ರಿ ಹೊಡೀಬೇಕಂತೆ" ಎಂದರು ಸಾರ್. ಟಿಂಕರ್ ಬಗ್ಗಿ ನೋಡಿದ. "ಇಸ್ತ್ರಿ ಅಂತ ಹೇಳಿದ್ಯಾರು? ಪುಣ್ಯಾತ್ಮ, ಸರಿಯಾಗೇ ಹೇಳಿದಾನೆ." ಟೇಲರ್‌ಗೆ ಎರಡಿಂಚು ಎತ್ತರ ಬಂತು. ಬಿಸಿಗಾಳಿ ಊದಿ ಪೇಂಟು ಬಿರುಕು ಬಿಡದಂತೆ ಮೆತ್ತಗೆ ಮಾಡಿ, ರೋಲರ್ ಒತ್ತಿ, ನಾಲ್ಕು ಚಕ್ರದ ಮೇಲಿನ ಅಂಚನ್ನೂ ಮೇಲಕ್ಕೆ ಮಡಚಿ ಚಪ್ಪಟೆ ಮಾಡಿದ. ಒಳಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಅಲ್ಲಲ್ಲಿ ಕೆತ್ತಿದ. ಸ್ಟೀರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ. ಸದ್ದೇ ಇಲ್ಲ!

"ಗೆದ್ದೆ!" ಎಂದರು ಸಾರ್.

"ನಿಲ್ಲಿ ಸಾರ್. ಖಾಲಿ ಕಾರು ಉಜ್ಜದೇ ಇರೋದು ಏನ್ ಮಹಾ? ತೂಕ ಬಿದ್ದಾಗ ನೋಡ್ಬೇಕು. ಹತ್ರೀ ಎಲ್ಲ ಹಿಂದೆ."

ಹೆಡ್‌ಮಾಸ್ಟ್ರು, ಟೇಲರ್ ಹತ್ತಿದರು. ಟಿಂಕರ್ ತಲೆಯಾಡಿಸಿದ. "ಇವರಿಬ್ರನ್ನೂ ಸೇರಿಸಿದ್ರೆ ಒಂದಾಳು. ಇನ್ನೂ ಚೆನ್ನಾಗಿ ಕೂರೋರು ಬೇಕು."

"ತೂಕದವರು ಒಬ್ರಿದಾರೆ" ಎಂದು ಸಾರ್ ದೂರ ಹೋಗಿ, ಮನೆಗೆ ಫೋನ್ ಮಾಡಿದರು. "ಲೇ, ನಿಮ್ಮಮ್ಮನ್ನ ಕರ್ಕೊಂಡು ತಕ್ಷಣ ಶೆಡ್ಡಿಗೆ ಬಾ."

"ಅಮ್ಮನ್ನ ಯಾಕ್ರೀ?"

"ಗೌರವಕ್ಕೆ."

ಅರ್ಧ ಗಂಟೆಯಲ್ಲಿ ಅತ್ತೆ ಆಟೋದಿಂದ ಇಳಿದರು. ಆಟೋ ಅರ್ಧ ಅಡಿ ಮೇಲೆದ್ದಿತು. ಟಿಂಕರ್ ಮುಖ ಅರಳಿತು. "ಸಾರ್, ಇವ್ರೇನಾ ನೀವು ಹೇಳಿದ ತೂಕ?"

ಸಾರ್ ಟಿಂಕರನ ಕಾಲು ತುಳಿದರು. ಅತ್ತೆ ಮಾತ್ರ ಸೆರಗು ಸರಿಮಾಡಿಕೊಂಡು, "ನೋಡಿದ್ಯೇನೇ," ಎಂದು ಮಗಳ ಕಡೆ ತಿರುಗಿದರು. "ಅಳಿಯಂದಿರು ಹೊರಗಡೆ ನನ್ನನ್ನ ತೂಕದ ವ್ಯಕ್ತಿ ಅಂತಾನೇ ಹೇಳೋದು!"

ಅವರು ಕೂತರು. ಹಿಂದಿನ ಚಕ್ರದ ಕಡೆಯಿಂದ ಖರ್‌ರ್ ಅಂತು. ಟಿಂಕರ್ ಮತ್ತೆ ಬಿಸಿಗಾಳಿ ಊದಿದ, ರೋಲರ್ ಒತ್ತಿದ. ಅತ್ತೆ ಇಳಿದರು, ಹತ್ತಿದರು, ಇಳಿದರು, ಹತ್ತಿದರು. "ಇನ್ನೆಷ್ಟು ಸಲ ಗೌರವ ಮಾಡ್ತೀರಪ್ಪಾ?" ಎಂದು ಏದುಸಿರು ಬಿಟ್ಟರು. ಆರನೆಯ ಸಲ, ಹಿಂದೆ ಮೂವರೂ ಕೂತು, ಮುಂದೆ ಹೆಂಡತಿಯೂ ಕೂತು, ಕಾರು ಹಳ್ಳಕ್ಕೆ ಧಡ್ ಎಂದು ಇಳಿದರೂ ಗಪ್‌ಚಿಪ್. ಶೆಡ್ಡಿನಲ್ಲಿ ಚಪ್ಪಾಳೆ. ಆಗ ಎರಡೂಕಾಲು.

ಯಾರನ್ನೂ ಮನೆಗೆ ಬಿಡುವಷ್ಟು ಹೊತ್ತಿಲ್ಲ. ಎಲ್ಲರೂ ಹಾಗೆಯೇ ಟ್ರ್ಯಾಕಿಗೆ!

ಬಾಗಿಲಲ್ಲಿ ತಪಾಸಣೆಯವನು ಸಾಲಾಗಿ ಕಾರುಗಳನ್ನು ನೋಡುತ್ತಿದ್ದ. ಇವರ ಸರದಿ ಬಂದಾಗ ಒಳಗೆ ಇಣುಕಿದ. "ಐದು ಜನ! ಹೀಗೇ ನೋಡ್ಲಾ, ಇಳಿಸ್ತೀರಾ?"

"ಹೀಗೇ ನೋಡಿ!" ಎಂದರು ಸಾರ್, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಗಂಟಲು ಬಿಟ್ಟು.

ತಪಾಸಣೆಯವನು ಕಾರನ್ನು ಮರದ ಹಲಗೆ ಹತ್ತಿಸಿ ಇಳಿಸಿದ. ಸ್ಟೀರಿಂಗ್ ಎಡಕ್ಕೆ ತಿರುಗಿಸಿ ಎಂದ, ಬಲಕ್ಕೆ ತಿರುಗಿಸಿ ಎಂದ. ನೆಲಕ್ಕೆ ಕಿವಿ ಕೊಟ್ಟ. ಎದ್ದವನೇ, "ಒಂದು ನಿಮಿಷ, ಹೋಗ್ಬೇಡಿ ಸಾರ್" ಎಂದು ಓಡಿಹೋಗಿ, ಬ್ಯಾಡ್ಜು ಸಿಕ್ಕಿಸಿಕೊಂಡ ಸಮಿತಿಯವರನ್ನು ಕರೆತಂದ. ಅವರೂ ಬಗ್ಗಿ ನೋಡಿದರು. "ಹಿಂದೆ ಮೂರು ಜನ ಕೂತ್ರೂ ಉಜ್ಜಲ್ವಾ? ಇಲ್ಲಿರೋ ಬೇರೆ ಯಾವ ಕಾರಿಗೂ ಈ ಯೋಗ್ಯತೆ ಇಲ್ಲ. ಸಾರ್, ನೀವು ಎಲ್ಲರಿಗಿಂತ ಮುಂದೆ ನಿಲ್ಲಿಸಿ!"

ಎಲ್ಲರಿಗಿಂತ ಮುಂದೆ! ಸಾರ್ ಕಣ್ಣು ಮಂಜಾಯಿತು. ಮನೆಯವರನ್ನೂ ಬೀದಿಯವರನ್ನೂ ಗ್ಯಾಲರಿಗೆ ಕಳಿಸಿ, ಹೆಲ್ಮೆಟ್ ಬಿಗಿದು, ಮೊದಲ ಗೆರೆಯ ಮೇಲೆ ಕಾರು ತಂದು ನಿಲ್ಲಿಸಿದರು. ಹಿಂದೆ ಇಪ್ಪತ್ತು ಕಾರುಗಳ ಗುರ್‌ಗುರ್. ಸಾರ್ ಕಾಲು ಆಕ್ಸಿಲರೇಟರಿನ ಮೇಲೆ.

ಅಷ್ಟರಲ್ಲಿ ಕಾರಿನ ಬಾಗಿಲು ತೆರೆಯಿತು. ಸಮಿತಿಯ ಮೂವರು ಹಿಂದೆ, ಅಧ್ಯಕ್ಷರು ಮುಂದೆ, ಆರಾಮಾಗಿ ಕೂತರು.

"ದಾರಿ ತೋರಿಸೋ ನಮ್ಮ ಕಾರು ಬೆಳಿಗ್ಗೆ ಕೆಟ್ಟು ನಿಂತ್ಬಿಡ್ತು," ಎಂದರು ಅಧ್ಯಕ್ಷರು, ಬೆಲ್ಟು ಹಾಕಿಕೊಳ್ಳುತ್ತಾ. "ದೇವ್ರ ಹಾಗೆ ಬಂದ್ರಿ. ಎಲ್ಲರಿಗೂ ತಿರುವುಗಳ ಪರಿಚಯ ಮಾಡಿಸ್ಬೇಕು. ಮೂವತ್ತು ದಾಟಬೇಡಿ. ನನಗೆ ತಲೆ ತಿರುಗುತ್ತೆ."

ಇಪ್ಪತ್ತು ಕಾರುಗಳನ್ನು ಬೆನ್ನಿಗೆ ಕಟ್ಟಿಕೊಂಡು ಮೂವತ್ತರಲ್ಲಿ ಒಂದು ಸುತ್ತು. ಮೂವತ್ತರಲ್ಲಿ ಎರಡು. ಎರಡು ಬೆರಳು ಹೆಚ್ಚು ಅಗಲದ ಟೈರು ಒಂದೊಂದು ತಿರುವನ್ನೂ ಕಚ್ಚಿ ಹಿಡಿಯಲು ಹವಣಿಸಿ, ಕಚ್ಚಲು ಏನೂ ಸಿಗದೆ ಸುಮ್ಮನಾಯಿತು. ಮೂರನೆಯದೂ ಮುಗಿದು ಅಧ್ಯಕ್ಷರು ಇಳಿದಾಗ ಸಾರ್ ಕಿಟಕಿಯಿಂದ ತಲೆ ಹೊರಹಾಕಿದರು. "ಈಗ ನಾನು ಹೊಡೀಲಾ ಸಾರ್? ನನ್ನ ಮೂರು ಸುತ್ತು?"

ತಪಾಸಣೆಯವನು ಪಟ್ಟಿ ನೋಡಿದ. "ನಿಮ್ದು ಆಯ್ತಲ್ಲ ಸಾರ್. ತಲೆಗೆ ಮೂರೇ. ಹಿಂದೆ ಬಂದವ್ರಿಗೆ ಅದು ಬರೀ ಪರಿಚಯ, ಮುಂದೆ ಹೋದ ನಿಮಗೆ ಅದೇ ಸುತ್ತು."

ಇಪ್ಪತ್ತು ಕಾರುಗಳು ಅವರ ಪಕ್ಕದಿಂದ ಸುಂಯ್ ಸುಂಯ್ ಎಂದು ಹಾರಿಹೋದವು. ಸಾರ್ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಗ್ಯಾಲರಿ ಕಡೆ ಕಾಲೆಳೆದುಕೊಂಡು ಬಂದರು. ಅತ್ತೆ ಎದ್ದುನಿಂತು ಎರಡೂ ಕೈಯೆತ್ತಿ ಕೂಗುತ್ತಿದ್ದರು:

"ಭಲೇ ಅಳಿಯಂದಿರೇ! ಮೂರು ಸುತ್ತಲ್ಲಿ ಒಬ್ಬನಿಗಾದ್ರೂ ನಿಮ್ಮನ್ನ ದಾಟೋಕಾಯ್ತಾ?"