ಮಾದರಿ ಪ್ರಸ್ತುತಿಯೂ ಮಹಡಿಯ ಮೇಲಿನ ನೀರೂ

ಅಂತಿಮ ವರ್ಷದ ಪ್ರತಿಯೊಬ್ಬ ವಿದ್ಯಾರ್ಥಿಯೂ ತುಂಬಿದ ಸಭೆಯ ಮುಂದೆ ನಿಂತು ಹತ್ತು ನಿಮಿಷ ಮಾತನಾಡತಕ್ಕದ್ದು, ಮಾತನಾಡದವರಿಗೆ ಪದವಿಪತ್ರ ನೀಡತಕ್ಕದ್ದಲ್ಲ ಎಂದು ಕಾಲೇಜಿನ ಆಡಳಿತ ಮಂಡಳಿ ಸರ್ವಾನುಮತದಿಂದ ತೀರ್ಮಾನಿಸಿತು. ಆ ಸಭೆಯಲ್ಲಿ ಯಾರೂ ಬಾಯಿ ತೆರೆಯಲಿಲ್ಲವಾದ್ದರಿಂದ ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಭಗವಂತ ಮನುಷ್ಯನಿಗೆ ನಾಲಿಗೆ ಕೊಟ್ಟದ್ದು ಸುಮ್ಮನೆ ಅಲ್ಲ. ಅದನ್ನು ಎಷ್ಟು ನಿಮಿಷ ಆಡಿಸಬೇಕೆಂದು ಮಾತ್ರ ಹೇಳದೆ ಬಿಟ್ಟಿದ್ದ. ಆ ಕೆಲಸವನ್ನು ಸುತ್ತೋಲೆ ಪೂರೈಸಿತು.

ಸುತ್ತೋಲೆ ಓದಿ ಎಲ್ಲರಿಗಿಂತ ಹೆಚ್ಚು ಹೆದರಿದವಳು ಪಿಸುಮಾತು. ಅದು ಅವಳ ಅಡ್ಡಹೆಸರು. ಹುಟ್ಟುಹೆಸರನ್ನು ಕೂಗಿದರೆ ಅವಳು ಓಗೊಡುವುದು ಯಾರಿಗೂ ಕೇಳಿಸುತ್ತಿರಲಿಲ್ಲ. ಮುಂದಿನ ಬೆಂಚಿನಲ್ಲಿ ಕೂತು "ಇದ್ದೀನಿ ಸಾರ್" ಅಂದರೂ ಮೂರು ವರ್ಷದಲ್ಲಿ ನಲವತ್ತೊಂದು ದಿನ ಅವಳಿಗೆ ಗೈರುಹಾಜರಿ ಬಿದ್ದಿತ್ತು.

ಆದರೆ ಅವಳಿಗೆ ಹೇಳಬೇಕಾದ್ದೊಂದು ಇತ್ತು. ಅವಳ ಅಪ್ಪ ಅದೇ ಕಾಲೇಜಿನಲ್ಲಿ ಜವಾನ. ಮಹಡಿಯ ಮೇಲಿನ ಟ್ಯಾಂಕಿನಿಂದ ನೀರು ಹಿಡಿದು ಪ್ರತಿ ಕೋಣೆಯ ಹೂಜಿಗೂ ತುಂಬುವವನು ಅವನೇ, ಅದನ್ನು ಎಲ್ಲರಿಗಿಂತ ಹೆಚ್ಚು ಕುಡಿಯುವವನೂ ಅವನೇ. ಟ್ಯಾಂಕಿನ ಮುಚ್ಚಳ ಗಾಳಿಗೆ ಹಾರಿಹೋಗಿ ನಾಲ್ಕು ವರ್ಷವಾಗಿತ್ತು. ಪಾರಿವಾಳಗಳು ಅದರ ಅಂಚಿನ ಮೇಲೆ ಕುಳಿತು ತಮ್ಮ ನಿತ್ಯಕರ್ಮಗಳನ್ನು ಮುಗಿಸಿಕೊಳ್ಳುತ್ತಿದ್ದವು. ಅಪ್ಪನಿಗೆ ಎರಡು ವರ್ಷದಿಂದ ಹೊಟ್ಟೆನೋವು. ಪಿಸುಮಾತು ಪ್ರಯೋಗಾಲಯದ ಹನ್ನೆರಡು ಪುಟ್ಟ ಬಾಟಲಿಗಳಲ್ಲಿ ಆ ನೀರನ್ನು ತುಂಬಿಟ್ಟಳು. ನೀರು ಕೆಟ್ಟಿದ್ದರೆ ಬಾಟಲಿಯೊಳಗಿನ ಔಷಧಿ ಎರಡು ದಿನದಲ್ಲಿ ಅದನ್ನು ಕಪ್ಪಾಗಿಸುತ್ತದೆ. ಹನ್ನೆರಡೂ ಕಪ್ಪಾದವು.

ಅವಳು ಕಚೇರಿಯ ಅಧೀಕ್ಷಕರಿಗೆ ಮೂರು ಅರ್ಜಿ ಕೊಟ್ಟಳು. ಅಧೀಕ್ಷಕರು ದೈವಭಕ್ತರು, ಯಾರ ಮನಸ್ಸನ್ನೂ ನೋಯಿಸುವವರಲ್ಲ.

"ಟ್ಯಾಂಕ್ ತೊಳೆಸಬೇಕು ಅಂದ್ರೆ ಮೊದಲು ಟ್ಯಾಂಕ್ ಕೊಳೆಯಾಗಿದೆ ಅಂತ ನಾವು ಒಪ್ಕೋಬೇಕಲ್ಲಮ್ಮಾ" ಎಂದರು. "ಒಪ್ಕೊಳ್ಳೋದಕ್ಕೆ ನಮ್ಮ ಹತ್ರ ನಮೂನೆ ಇಲ್ಲ."

ಮನೆಯಲ್ಲಿ ಅಪ್ಪನದು ಇನ್ನೊಂದು ರಾಗ.

"ಇಪ್ಪತ್ತೆರಡು ವರ್ಷದಿಂದ ಕುಡೀತಿದ್ದೀನಿ ಮಗಳೇ. ಈಗ ಬಿಟ್ರೆ ಹೊಟ್ಟೆಗೆ ಬೇಜಾರಾಗುತ್ತೆ."

"ನಿನ್ನೆ ಊಟದ ಮಧ್ಯೆ ಮೂರು ಸಲ ಎದ್ದು ಹೋದ್ಯಲ್ಲ, ಅದು ಖುಷಿಗಾ?"

"ಓದೋದು ಬಿಟ್ಟು ಅದನ್ನ ಎಣಿಸ್ತಾ ಕೂತಿದ್ಯಾ?"

"ನಾನು ಸಭೇಲಿ ಇದನ್ನೇ ಹೇಳ್ತೀನಿ ಅಪ್ಪಾ. ಪ್ರಾಂಶುಪಾಲರು ಕೇಳಿದ್ರೆ ತೊಳೆಸ್ತಾರೆ."

"ನೀನಾ? ಮನೇಲಿ ಉಪ್ಪು ಕೇಳಿದ್ರೇ ನನಗೆ ಕೇಳಿಸಲ್ಲ."

ಹೀಗೆ ಅಪ್ಪನ ಹೊಟ್ಟೆಯ ಭಾರವೆಲ್ಲ ಮಗಳ ಗಂಟಲಿನ ಮೇಲೆ ಬಂದು ಕೂತಿತು.

ವಿದ್ಯಾರ್ಥಿಗಳನ್ನು ಸಿದ್ಧಪಡಿಸಲು ಕಾಲೇಜು ಒಬ್ಬ ಮಾತಿನ ಮೇಷ್ಟರನ್ನು ನೇಮಿಸಿತ್ತು. ಅವರು ಸಭೆಗಳಲ್ಲಿ ಮಾತನಾಡಿದವರಲ್ಲ, ಆದರೆ ಮಾತನಾಡುವುದು ಹೇಗೆಂದು ಎಂಬತ್ತಾರು ಪುಟದ ಕೈಪಿಡಿ ಬರೆದಿದ್ದರು. ಪ್ರತಿ ಕೇಳುಗನ ಮೇಲೂ ದೃಷ್ಟಿ ಮೂರು ಸೆಕೆಂಡು ನಿಲ್ಲತಕ್ಕದ್ದು. ನಾಲ್ಕಕ್ಕೆ ಹೋದರೆ ದಿಟ್ಟಿಸಿದಂತೆ, ಎರಡಕ್ಕೆ ಇಳಿದರೆ ಅವಗಣಿಸಿದಂತೆ. ಕೈಗಳು ಸೊಂಟದ ಕೆಳಗೂ ಭುಜದ ಮೇಲೂ ಹೋಗತಕ್ಕದ್ದಲ್ಲ. ಮುಗುಳ್ನಗೆ ನಾಲ್ಕು ಬಾರಿ, ವಿಷಯ ಏನೇ ಇದ್ದರೂ. ಐದನೆಯ ನಿಮಿಷದಲ್ಲಿ ಒಂದು ಗುಟುಕು ನೀರು ಕುಡಿದು ಆತ್ಮವಿಶ್ವಾಸ ಪ್ರದರ್ಶಿಸತಕ್ಕದ್ದು. ಇವಕ್ಕೆಲ್ಲ ಅಂಕ ನಿಗದಿಯಾಗಿತ್ತು.

ಪಿಸುಮಾತು ಅಂಕಪಟ್ಟಿಯ ಹಾಳೆಯನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದಳು.

"ಸಾರ್, ವಿಷಯಕ್ಕೆ ಎಷ್ಟು ಅಂಕ?"

"ಯಾವ ವಿಷಯಕ್ಕೆ?"

"ನಾವು ಏನು ಹೇಳ್ತೀವಿ ಅನ್ನೋದಕ್ಕೆ."

ಮೇಷ್ಟರು ಹಾಳೆಯನ್ನು ತಿರುಗಿಸಿ ನೋಡಿದರು. ಹಿಂದೆ ಖಾಲಿಯಿತ್ತು.

"ಹಾಳೆ ಮುಗಿದುಹೋಯ್ತಲ್ಲ ಮಗು. ಎರಡನೇ ಹಾಳೆ ಸೇರಿಸಬೇಕಾದ್ರೆ ಎರಡನ್ನೂ ಜೋಡಿಸೋ ಪಿನ್ನು ಬೇಕು. ಪಿನ್ನಿಗೆ ಬರೆದಿದ್ದೀವಿ."

ಅವಳು ಮನೆಗೆ ಬಂದು ಅಭ್ಯಾಸ ಶುರುಮಾಡಿದಳು. ಅಪ್ಪ ಮೊದಲ ದಿನ ಅಡುಗೆಮನೆಯಲ್ಲಿ ಕೂತ, ಎರಡನೆಯ ದಿನ ಹೊಸ್ತಿಲಲ್ಲಿ, ಮೂರನೆಯ ದಿನ ಗೇಟಿನ ಹತ್ತಿರ. ಅಲ್ಲಿಗೆ ಮಾತು ಮುಟ್ಟಿದರೆ ಕೈ ಎತ್ತಬೇಕು. ಕೈ ಏಳದಿದ್ದರೆ ಅವಳು ಮೊದಲಿನಿಂದ ಶುರುಮಾಡುವಳು. ವಾರದ ಕೊನೆಗೆ ಅಪ್ಪ ಬೀದಿಯಾಚೆಯ ದರ್ಜಿಯ ಅಂಗಡಿಯ ಮುಂದೆ ನಿಂತು ಕೈ ಎತ್ತಿದ. ಹೊಲಿಗೆ ಯಂತ್ರ ನಿಲ್ಲಿಸಿ ದರ್ಜಿಯೂ ಎತ್ತಿದ.

"ಸಾಕು ತಾಯೀ, ನನಗೂ ಬಾಯಿಪಾಠ ಆಯ್ತು. ನಿನ್ನೆ ಒಬ್ಬರ ತೋಳಿನ ಅಳತೆ ಬದಲು 'ಹನ್ನೆರಡು ಬಾಟಲಿ' ಅಂತ ಬರ್ಕೊಂಡಿದ್ದೀನಿ."

ದೇವರು ಕರುಣಾಮಯಿ. ಕೇಳದೆ ಏನೂ ಕೊಡುವುದಿಲ್ಲ, ಕೇಳಿದವರಿಗೆ ಇಲ್ಲವೆನ್ನುವುದಿಲ್ಲ. ಪಿಸುಮಾತಿಗೆ ದನಿ ಕೊಟ್ಟ.

ಗೊತ್ತುಪಡಿಸಿದ ದಿನ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಪ್ರಾಂಶುಪಾಲರು, ಅಧೀಕ್ಷಕರು ಮತ್ತು ಮಾತಿನ ಮೇಷ್ಟರು ಅಂಕಪಟ್ಟಿ ಹಿಡಿದು ಕೂತಿದ್ದರು. ಪಿಸುಮಾತು ವೇದಿಕೆ ಹತ್ತಿ, ಕಣ್ಣುಮುಚ್ಚಿ ಒಂದು ಪ್ರಾರ್ಥನೆ ಹೇಳಿಕೊಂಡು, ಕೊನೆಯ ಬೆಂಚಿನ ಹಿಂದೆ ನಿಂತಿದ್ದ ಅಪ್ಪನನ್ನು ನೋಡಿ ಶುರುಮಾಡಿದಳು.

"ಈ ಕಾಲೇಜಿನ ಕುಡಿಯುವ ನೀರು ಕುಡಿಯಲು ಯೋಗ್ಯವಲ್ಲ."

ಅಪ್ಪ ಕೈ ಎತ್ತಿದ. ಸಭೆ ಸ್ತಬ್ಧವಾಯಿತು. ಮೇಷ್ಟರು 'ವಿರಾಮ: ಅತ್ಯುತ್ತಮ' ಎಂದು ಬರೆದುಕೊಂಡರು.

ಅವಳು ಹನ್ನೆರಡು ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಅಧೀಕ್ಷಕರು 'ಪರಿಕರಗಳು ಒಂದೇ ಬಣ್ಣದಲ್ಲಿದ್ದು ಕಣ್ಣಿಗೆ ಹಿತವಾಗಿವೆ' ಎಂದು ಬರೆದರು. ಹಾರಿಹೋದ ಮುಚ್ಚಳ, ಪಾರಿವಾಳ, ಹೊಟ್ಟೆನೋವಿನಿಂದ ಆ ವರ್ಷ ರಜೆ ಹಾಕಿದವರ ಸಂಖ್ಯೆ, ಎಲ್ಲವನ್ನೂ ಅವಳು ತಡವರಿಸದೆ ಹೇಳಿದಳು. ಐದನೆಯ ನಿಮಿಷಕ್ಕೆ ಸರಿಯಾಗಿ, ಕೈಪಿಡಿಯ ಪ್ರಕಾರ, ಅಪ್ಪನೇ ತಟ್ಟೆಯಲ್ಲಿ ನೀರಿನ ಲೋಟ ಇಟ್ಟುಕೊಂಡು ವೇದಿಕೆಗೆ ಬಂದ. ಅದು ಅವನ ಕೆಲಸ.

"ಇದನ್ನು ನಾನು ಕುಡಿಯುವುದಿಲ್ಲ. ಇದನ್ನು ತಂದವರು ನನ್ನ ಅಪ್ಪ. ಅವರೂ ಕುಡಿಯಬಾರದು" ಎಂದಳು.

ಗುಟುಕಿನ ಎರಡು ಅಂಕ ಕಡಿತವಾಯಿತು. ಉಳಿದಂತೆ ಸಭೆಯ ಮನಸ್ಸು ಕರಗಿಹೋಯಿತು. ಹುಡುಗಿಯರು ಕಣ್ಣೊರೆಸಿಕೊಂಡರು. ಪ್ರಾಂಶುಪಾಲರು ಪುಟ್ಟ ಮಗುವಿನ ಮನಸ್ಸಿನವರು. ವೇದಿಕೆ ಹತ್ತಿ ಅವಳ ತಲೆಯ ಮೇಲೆ ಕೈಯಿಟ್ಟು ಏನೋ ಹೇಳಹೊರಟರು, ದುಃಖ ಉಮ್ಮಳಿಸಿ ಗಂಟಲು ಕಟ್ಟಿತು, ತಟ್ಟೆಯಲ್ಲಿದ್ದ ಲೋಟವನ್ನೆತ್ತಿ ಗಟಗಟನೆ ಕುಡಿದುಬಿಟ್ಟರು. ತಮ್ಮ ಮನೆಯ ನೀರನ್ನು ಬಿಟ್ಟು ಅವರು ಕಾಲೇಜಿನ ನೀರು ಕುಡಿದದ್ದು ಅದೇ ಮೊದಲು. ಮರುದಿನದಿಂದ ನಾಲ್ಕು ದಿನ ರಜೆಯಲ್ಲಿದ್ದರು.

ಇನ್ನು ಟ್ಯಾಂಕ್ ತೊಳೆಸುವುದು ಖಂಡಿತ ಎಂದು ಅಪ್ಪ ಏಣಿ, ಪೊರಕೆ, ಬ್ಲೀಚಿಂಗ್ ಪೌಡರ್ ಎಲ್ಲವನ್ನೂ ಮೆಟ್ಟಿಲ ಬುಡದಲ್ಲಿ ಜೋಡಿಸಿಟ್ಟುಕೊಂಡ. ಐದನೆಯ ದಿನ ಪ್ರಾಂಶುಪಾಲರು ತುಸು ಬಡವಾಗಿ ಬಂದು ಸಭೆ ಕರೆದರು. ಪಿಸುಮಾತಿನ ಪ್ರಸ್ತುತಿ ಎಷ್ಟು ಪರಿಣಾಮಕಾರಿ ಎಂಬುದು ತಮಗೆ ಒಳಗಿನಿಂದಲೇ ಮನವರಿಕೆಯಾಗಿದೆ ಎಂದರು. ಅದನ್ನು ಮಾದರಿ ಪ್ರಸ್ತುತಿಯೆಂದು ಘೋಷಿಸಿ, ಮುಂದಿನ ಎಲ್ಲ ವಿದ್ಯಾರ್ಥಿಗಳೂ ಅದನ್ನೇ ಅಕ್ಷರಶಃ ಒಪ್ಪಿಸತಕ್ಕದ್ದೆಂದು ತೀರ್ಮಾನವಾಯಿತು. ಪಿಸುಮಾತಿಗೆ ಪದವಿಪತ್ರದ ಜೊತೆಗೆ ಮೇಷ್ಟರ ಸಹಾಯಕಿಯ ಹುದ್ದೆಯೂ ಸಿಕ್ಕಿತು.

"ಟ್ಯಾಂಕ್ ಯಾವಾಗ ತೊಳೆಸ್ತೀರ ಸಾರ್?" ಎಂದು ಅವಳು ಕೇಳಿದಳು. ಈಗ ಅವಳ ಮಾತು ಎಲ್ಲರಿಗೂ ಕೇಳಿಸುತ್ತಿತ್ತು.

ಅಧೀಕ್ಷಕರು ಕನ್ನಡಕ ತೆಗೆದು ಅವಳನ್ನು ಅಕ್ಕರೆಯಿಂದ ನೋಡಿದರು.

"ತೊಳೆಸಿಬಿಟ್ರೆ ನಿನ್ನ ಮೊದಲನೇ ವಾಕ್ಯ ಸುಳ್ಳಾಗುತ್ತಲ್ಲಮ್ಮಾ. ವರ್ಷಕ್ಕೆ ಮುನ್ನೂರು ಮಕ್ಕಳು ವೇದಿಕೆ ಮೇಲೆ ನಿಂತು ಸುಳ್ಳು ಹೇಳಬೇಕಾ? ದೇವರು ಮೆಚ್ತಾನಾ?"

ಸತ್ಯದ ಮುಂದೆ ಸಭೆ ತಲೆಬಾಗಿತು. ಅಂದೇ ಪ್ರಕಟಣೆ ಹೊರಟಿತು:

"ಮಹಡಿಯ ಮೇಲಿನ ಜಲಸಂಗ್ರಹಾಗಾರವು ಇಂದಿನಿಂದ ಪಠ್ಯಸಾಮಗ್ರಿ. ಅದನ್ನು ತೊಳೆಯುವುದು, ಮುಚ್ಚುವುದು, ಅಥವಾ ಅದರ ನೀರನ್ನು ಕುಡಿದು ವ್ಯಯ ಮಾಡುವುದು ಶಿಸ್ತುಭಂಗವೆನಿಸುತ್ತದೆ. ಕುಡಿಯುವ ನೀರನ್ನು ಎಲ್ಲರೂ ಮನೆಯಿಂದ ತರತಕ್ಕದ್ದು. ಮಾದರಿ ಪ್ರಸ್ತುತಿಯಲ್ಲಿ ಲೋಟವನ್ನು ನಿರಾಕರಿಸುವುದಕ್ಕೆ ಇನ್ನು ಮುಂದೆ ಎರಡು ಅಂಕ."

ಅಪ್ಪ ಜಲಸಂಗ್ರಹಾಗಾರ ಪಾಲಕನಾಗಿ ಬಡ್ತಿ ಪಡೆದ. ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ ಬಂತು. ಹೂಜಿ ಹೊರುವ ಕೆಲಸ ತಪ್ಪಿತು, ಮನೆಯ ನೀರು ಕುಡಿದು ಹೊಟ್ಟೆನೋವೂ ಬಿಟ್ಟುಹೋಯಿತು. ಭಗವಂತ ಬೇಡಿದ್ದನ್ನು ಕೊಡುತ್ತಾನೆ. ಯಾವ ಬಾಗಿಲಿನಿಂದ ಕೊಡುತ್ತಾನೆಂದು ಕೇಳುವುದು ಭಕ್ತರ ಲಕ್ಷಣವಲ್ಲ. ಪ್ರತಿ ತಿಂಗಳೂ ಅಪ್ಪ ಒಂದು ಬಾಟಲಿ ನೀರು ಇಳಿಸಿ ತರುವನು, ಮಗಳು ಪರೀಕ್ಷಿಸಿ ಅದು ಕೆಟ್ಟಿರುವುದನ್ನು ದೃಢೀಕರಿಸುವಳು.

ಮರುವರ್ಷ ಪ್ರಸ್ತುತಿಗೆ ಹದಿನೈದು ದಿನವಿರುವಾಗ ಎಡೆಬಿಡದೆ ಮಳೆ ಸುರಿಯಿತು. ತೆರೆದ ಟ್ಯಾಂಕ್ ತುಂಬಿ, ಉಕ್ಕಿ, ತಾನಾಗಿಯೇ ತೊಳೆದುಹೋಯಿತು. ಆ ತಿಂಗಳ ಬಾಟಲಿ ಎರಡು ದಿನವಾದರೂ ತಿಳಿಯಾಗಿಯೇ ನಿಂತಿತ್ತು.

ಕಾಲೇಜು ಕಂಗಾಲಾಯಿತು. ಮುನ್ನೂರು ಪದವಿಪತ್ರ ತಡೆಹಿಡಿಯಲಾಯಿತು. ಪಾಲಕನ ಹುದ್ದೆ ಏಕೆ ರದ್ದುಪಡಿಸಬಾರದು ಎಂದು ಅಪ್ಪನಿಗೆ ನೋಟಿಸು ಬಂತು. ಅಧೀಕ್ಷಕರು ಸ್ವತಃ ಮಹಡಿ ಹತ್ತಿ ಟ್ಯಾಂಕಿನ ಅಂಚಿಗೆ ಕಾಳು ಎರಚಿ ಪಾರಿವಾಳಗಳನ್ನು ಕೈಮುಗಿದು ಕರೆದರು.

"ನಾನು ಯಾವ ಪೌಡರೂ ಹಾಕಿಲ್ಲ ಮಗಳೇ, ನಿನ್ನಾಣೆಗೂ" ಎಂದ ಅಪ್ಪ.

"ಗೊತ್ತು ಅಪ್ಪಾ. ಇನ್ನೊಂದು ಬಾಟಲಿ ಇಡೋಣ. ಹಕ್ಕಿಗಳು ಬಂದಿವೆಯಲ್ಲ."

ಎರಡು ದಿನ ಕಳೆದು ಅವಳು ಪ್ರಯೋಗಾಲಯದ ಬಾಗಿಲು ತೆರೆದಾಗ ಅಪ್ಪ ಹೊರಗೇ ನಿಂತ.

"ನೀನೇ ನೋಡಮ್ಮಾ."

ಅವಳು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಕಪ್ಪಾಗಿದೆ ಅಪ್ಪಾ."

"ಪೂರ್ತೀನಾ?"

"ಕಾಡಿಗೆ ಥರ ಇದೆ."

ಅಪ್ಪ ಗೋಡೆಗೆ ಒರಗಿ ನಿಟ್ಟುಸಿರುಬಿಟ್ಟ. ಸುದ್ದಿ ಮುಟ್ಟಿದೊಡನೆ ಪ್ರಾಂಶುಪಾಲರು ಎರಡು ನಿಮಿಷದ ಕೃತಜ್ಞತಾ ಪ್ರಾರ್ಥನೆಗೆ ಗಂಟೆ ಬಾರಿಸಿದರು. ಇಡೀ ಕಾಲೇಜು ಎದ್ದು ನಿಂತಿತು. ಪಿಸುಮಾತು ಪ್ರಾರ್ಥನೆ ಮುಗಿಸಿ ಬಂದು, ದಾಖಲೆ ಪುಸ್ತಕ ತೆರೆದು, 'ನೀರು ತೃಪ್ತಿಕರವಾಗಿ ಕೆಟ್ಟಿದೆ' ಎಂದು ಬರೆದು ಸಹಿ ಹಾಕಿದಳು.